ಮೂರನೇ ಚೂರು

ಅಕ್ಕಿ ಜಾಲಿಸುವಾಗ ಕಲ್ಲು ಉಳಿದರೆ ಬೈಸಿಕೊಳ್ಳಬೇಕು.
ಇಲ್ಲಿ, ಕಲ್ಲು ಉಳಿಯಲಿ ಎಂದೇ ಜಾಲಿಸುತ್ತೇವೆ.
ಮೊಗೊಕ್‌ನ ತೊರೆ, ಮೊಣಕಾಲುದ್ದ ನೀರು,
ಗಣಿ ಉಗುಳಿದ ಮರಳು, ಬಿದಿರ ಜರಡಿ,
ಸಾಲಾಗಿ ಬಗ್ಗಿದ ಹೆಂಗಸರ ಬೆನ್ನು.
ಗಣಿಯೊಳಗಿನದು ಧಣಿಯದು,
ಗಣಿ ಬೇಡವೆಂದದ್ದು ನಮ್ಮದು.
ಈ ಕಟ್ಟಳೆ ಬರೆದವರು ಯಾರೋ.
ಬರೆದಿರಲಾರರು, ಅದಕ್ಕೇ ಇನ್ನೂ ಉಳಿದಿದೆ.

ಮುತ್ತಜ್ಜಿ ಓನ್ ಚಿಗೆ ಒಮ್ಮೆ
ಹುಣಸೆ ಬೀಜಕ್ಕಿಂತ ತುಸು ದೊಡ್ಡ ಕೆಂಪು ಸಿಕ್ಕಿತಂತೆ.
ದೊಡ್ಡದೆಲ್ಲ ಮಂಡಲೆಯ ಅರಸನಿಗೆ.
ಕೊಟ್ಟರೆ ಬರಿಗೈ,
ಬಚ್ಚಿಟ್ಟರೆ ಕೈಯೇ ಇಲ್ಲ.
ತೊರೆಯ ಬಂಡೆಯ ಮೇಲಿಟ್ಟು ಗುಂಡುಕಲ್ಲಿನಿಂದ ಕುಟ್ಟಿದಳು.
ಒಂದೇ ಏಟು. ಮೂರು ಚೂರು.
ಸಣ್ಣದಾಯಿತು, ತನ್ನದಾಯಿತು.

ಮೊದಲನೆಯದಕ್ಕೆ ಎರಡು ಎಮ್ಮೆ ಬಂದವು.
ಎರಡನೆಯದನ್ನು, ಅರಸನನ್ನೇ ಗಾಡಿಯಲ್ಲಿ ಕೂರಿಸಿ ಒಯ್ದವರ
ಸಿಪಾಯಿಯೊಬ್ಬ ಬೂಟಿನಲ್ಲಿ ಹಾಕಿಕೊಂಡು ಹೋದ.
(ಅರಸನನ್ನು ಇಳಿಸಿದ ಊರಿನ ಹೆಸರು ರತ್ನಗಿರಿ.
ಅಲ್ಲಿ ಮಾವು ಬಿಟ್ಟರೆ ಬೇರೇನೂ ಇಲ್ಲವಂತೆ.)
ಮೂರನೆಯದು
ಕುಟ್ಟಿದ ಗಳಿಗೆಯಲ್ಲೇ ಚಿಮ್ಮಿ ನೀರಿಗೆ ಬಿದ್ದಿತ್ತು.

ಅಂದಿನಿಂದ ಹುಡುಕುತ್ತಿದ್ದೇವೆ.

ಲಂಡನ್ನಿನ ಕಂಪನಿ ಪಂಪು ತಂದು ಊರ ನಟ್ಟನಡುವೆ ತೋಡಿತು,
ಊರು ಎದ್ದು ಪಕ್ಕಕ್ಕೆ ಸರಿದು ಕೂತಿತು.
ಕಂಪನಿ ದಿವಾಳಿ, ಗುಂಡಿಗೆ ನೀರು, ಗುಂಡಿಯೀಗ ಕೆರೆ;
ಮದುವೆಯ ಜೋಡಿಗಳು ಅದರ ದಂಡೆಯಲ್ಲಿ ಫೋಟೋಕ್ಕೆ ನಿಲ್ಲುತ್ತವೆ.
ಜಪಾನಿನವರು ಬಂದರು, ಹೋದರು. ಅಮ್ಮ ಬಗ್ಗಿದ್ದಳು.
ಸ್ವಾತಂತ್ರ್ಯ ಬಂತು. ಅಮ್ಮ ಬಗ್ಗಿಯೇ ಇದ್ದಳು.
ಆಮೇಲೆ ಹಸಿರು ಸಮವಸ್ತ್ರ, ಬೆಟ್ಟಕ್ಕೆಲ್ಲ ಬೇಲಿ.
ದೊಡ್ಡದು ಈಗ ಯಾರದು ಎಂದು
ಚಹದಂಗಡಿಯಲ್ಲಿ ಗಟ್ಟಿಯಾಗಿ ಕೇಳಿದ ನನ್ನ ಗಂಡ ಪೊ ಲ್ವಿನ್
ರಾತ್ರಿ ಊಟಕ್ಕೆ ಬರಲಿಲ್ಲ.
ಇಪ್ಪತ್ತು ವರ್ಷ ಅವನ ತಟ್ಟೆಯನ್ನೂ ತೊಳೆದಿಟ್ಟೆ,
ಆಮೇಲೆ ಅದರಲ್ಲೇ ಹರಳು ಆರಿಸತೊಡಗಿದೆ.
ಒಳ್ಳೆಯ ತಟ್ಟೆ. ಬಿಳಿ ಪಿಂಗಾಣಿ. ಕೆಂಪು ಬೇಗ ಕಾಣುತ್ತದೆ.

ಇವತ್ತು ಮೊಮ್ಮಗಳು ನ್ಯೋ ಮಿ ಜೊತೆಗೆ ಬಂದಿದ್ದಾಳೆ,
ಒಂಬತ್ತು ವರ್ಷ, ಕೆನ್ನೆಗೆ ತನಖಾ ಗಂಧ,
ಬಾಯಿ ತುಂಬ ಪ್ರಶ್ನೆ.
ಸಿಕ್ಕರೆ ಅದೇ ಚೂರು ಅಂತ ಹೇಗೆ ಗೊತ್ತಾಗುತ್ತೆ?
ಒಂದು ಮಗ್ಗುಲು ಒಡೆದಿರುತ್ತೆ ನೋಡು, ಎಂದೆ.

ತಟ್ಟೆಯನ್ನು ಬಿಸಿಲಿಗೆ ವಾಲಿಸಿ
ಒಂದೊಂದಾಗಿ ಬೆರಳಲ್ಲಿ ಹೊರಳಿಸಿದಳು.
ಹೊತ್ತು ಹಿಡಿಯಿತು.
ಅಜ್ಜೀ, ಇಲ್ಲಿ ಎಲ್ಲವೂ ಒಡೆದವೇ.

ನೀರು ಹಾಕು, ಎಂದೆ.