ಚೆಕ್ ರೋಲಿಗೆ ಸೇರದ ಆಳು

ಇಪ್ಪತ್ತೊಂಬತ್ತು ವರ್ಷದಿಂದ ಈ ತೋಟ ನನ್ನನ್ನು
ರೈಟರೇ ಎಂದು ಕರೆಯುತ್ತದೆ.
ಬರೆದದ್ದೇನು ಮಹಾ?
ಆಳಿನ ಹೆಸರು, ಪೂರ್ತಿ ದಿನ, ಅರ್ಧ ದಿನ,
ಕೊಯ್ದ ಹಣ್ಣಿನ ತೂಕ,
ಕೊಟ್ಟ ಕತ್ತಿ, ಮರಳಿ ಬಂದ ಕತ್ತಿ.
ಕ್ರಿಯಾಪದವಿರುವ ಒಂದು ವಾಕ್ಯ ಬರೆದ ನೆನಪಿಲ್ಲ.

ಎಲ್ಲರೂ ಸುಂಟಿಕೊಪ್ಪದ ಸಂತೆಗೆ ಹೋದ ಹೊತ್ತು
ಕಣದ ಕಟ್ಟೆಯಲ್ಲಿ ಕೂತಿದ್ದ ಸಂಸು,
ಏಳನೇ ಲೈನಿನವನು, ಅಸ್ಸಾಮಿನವನು,
ಗಾಜು ಒಡೆದ ಫೋನಿನಲ್ಲಿ ಏನನ್ನೋ ಕುಟ್ಟುತ್ತ.
'ಯಾರ ಹತ್ತಿರವೋ ಮಾತು?'
'ಯಾರೂ ಅಲ್ಲ ರೈಟರೇ. ಕೇಳಿದರೆ ಹೇಳುತ್ತದೆ.'
ನನ್ನ ಫೋನು ಇಸಕೊಂಡು, ನಾಲ್ಕು ಕಡೆ ಒತ್ತಿ,
ಅದನ್ನು ಅದರಲ್ಲೂ ಕೂರಿಸಿಕೊಟ್ಟ.

ಖಾಲಿ ಪೆಟ್ಟಿಗೆ. ಒಳಗೊಂದು ಗೆರೆ
ಮಿಟುಕುತ್ತ ಕಾಯುತ್ತಿದೆ,
ಹಾಜರಿ ಕೂಗುವ ಮುಂಚೆಯೇ ಬಂದು ನಿಂತ ಆಳಿನಂತೆ.
ಯಾರೂ ಅಲ್ಲದವರ ಹತ್ತಿರ
ಮಾತು ಶುರು ಮಾಡುವುದು ಹೇಗೆ?
ನೀನು ಎನ್ನಲೋ, ನೀವು ಎನ್ನಲೋ?
ಒಂದೇ ಬೆರಳಿನಲ್ಲಿ, ಒತ್ತಕ್ಷರ ಹುಡುಕಿ ಹುಡುಕಿ, ಬರೆದೆ:
ನಾನು ಪಳಂಗಪ್ಪ. ಕಾಫಿ ಆಯಿತಾ?

ತನಗೆ ಬಾಯಿಲ್ಲ, ಕುಡಿಯಲಾಗದು, ಎಂದಿತು. ನಯವಾಗಿ.
ಮತ್ತೆ, ಕೇಳದಿದ್ದರೂ,
ಕಾಫಿಯ ಗುಣವಿಶೇಷ ಎಂದು ಆರು ಸಾಲು.
ಹೊಸ ಮೇಸ್ತ್ರಿಗಳೂ ಹೀಗೇ,
ಮೊದಲ ದಿನ ಬಾಯಿ ಮುಚ್ಚುವುದಿಲ್ಲ.

ನಾನೂ ಹಳಬ. ಯಾವ ಹೊಸಬನನ್ನೂ
ನನಗೆ ಗೊತ್ತಿರುವ ಕೆಲಸ ಕೊಟ್ಟೇ ಅಳೆಯುವವನು.
ಮರಗಸಿ ಎಂದರೇನು? ಕೇಳಿದೆ.
ಒಂದು ಮರಕ್ಕೆ ಇನ್ನೊಂದರ ಟೊಂಗೆ ಸೇರಿಸಿ ಕಟ್ಟಿ
ಹೊಸ ತಳಿ ಬೆಳೆಸುವ ವಿಧಾನ, ಎಂದಿತು,
ಉಗುಳೂ ನುಂಗದೆ.

ನಕ್ಕೆ. ಹೊಟ್ಟೆ ಹಿಡಿದು ನಕ್ಕೆ.
'ನೆರಳಿನ ಮರ ಹತ್ತಿ, ಕೊಂಬೆ ಕಡಿದು,
ಗಿಡಕ್ಕೆ ಬಿಸಿಲು ಬಿಡುವ ಕೆಲಸವಲ್ಲವೇನೋ ಅದು!
ನೋಡು ಸಂಸು, ನಿನ್ನ ಪಂಡಿತನನ್ನು.'

ಸಂಸು ನಗಲಿಲ್ಲ.
'ನನಗೂ ಅದನ್ನೇ ಹೇಳಿತ್ತು ರೈಟರೇ.
ಬಂದ ಮೊದಲ ವಾರ. ನೀವು ಮರಗಸಿ ಅಂದಿರಿ, ಹೋದಿರಿ.
ಯಾವ ಕೊಂಬೆಗೆ ಯಾವುದನ್ನು ಕಟ್ಟಲಿ ಎಂದು
ಮಧ್ಯಾಹ್ನದವರೆಗೆ ಮರದ ಮೇಲೇ ಕೂತಿದ್ದೆ.
ನೀವು ಅರ್ಧ ದಿನ ಹಾಕಿದಿರಿ.'

ಸಿಲ್ವರ್ ಓಕಿನ ಎಲೆಯೊಂದು
ಬೆಳ್ಳಿಯ ಬೆನ್ನು ತೋರಿಸಿ ಕಣಕ್ಕೆ ಬಿತ್ತು.

'ನನ್ನನ್ನು ಕೇಳಬಾರದಿತ್ತಾ?'
'ಅದು ಬಯ್ಯುವುದಿಲ್ಲ,' ಎಂದ.

ತಪ್ಪು, ಎಂದು ಬರೆದೆ ಪೆಟ್ಟಿಗೆಗೆ. ಸರಿಯಾದ್ದನ್ನೂ ಬರೆದೆ.
ಕ್ಷಮಿಸಿ, ನೀವು ಹೇಳಿದ್ದೇ ಸರಿ, ಎಂದಿತು
ಎವೆಯಿಕ್ಕುವಷ್ಟರಲ್ಲಿ.
ಈ ಮಾತು ಇಷ್ಟು ಅಗ್ಗವೇ?
ಇಷ್ಟು ವರ್ಷದಲ್ಲಿ ಯಾವ ಆಳಿಗೂ
ನಾನದನ್ನು ಆಡಿದ್ದಿಲ್ಲ.

ಸಂಸು ಎಂದರೇನು, ಎಂದು ಕೇಳಲು ಬೆರಳೆತ್ತಿದವನು
ಬಿಟ್ಟು, ತಿರುಗಿ, ಅವನನ್ನೇ ಕೇಳಿದೆ.
'ಸಂಸು ಅಲ್ಲ ರೈಟರೇ. ಸನ್ಸುಮ.
ಸನ್ಸುಮ ಬಸುಮತಾರಿ.
ಅರ್ಥ ಅಮ್ಮನಿಗೆ ಗೊತ್ತು. ರಾತ್ರಿ ಕೇಳಿ ಹೇಳುತ್ತೇನೆ.'

ಸೋಮವಾರ ಏಳೂವರೆಗೆ ಹಾಜರಿ.
ಹಳೆಯ ಪುಟ ತಿದ್ದುವಂತಿಲ್ಲ,
ಲೆಕ್ಕ ಮುಗಿದಿದೆ, ರುಜು ಬಿದ್ದಿದೆ.
ಹೊಸ ಪುಟದಲ್ಲಿ ಹೆಸರು ಪೂರ್ತಿ ಬರೆದೆ,
ಕಾಲಂ ಸಾಲದೆ ಪಕ್ಕದ ತಾರೀಖಿಗೆ ನುಗ್ಗಿತು.
ಅಂಚಿನಲ್ಲಿ, ದೊರೆ ನೋಡದ ಕಡೆ, ಪೆನ್ಸಿಲಿನಲ್ಲಿ
ಒಂದು ವಾಕ್ಯ, ಕ್ರಿಯಾಪದ ಸಮೇತ:
ಮರಗಸಿ ಎಂದರೇನೆಂದು ನಾನು ಅವನಿಗೆ ತೋರಿಸಿರಲಿಲ್ಲ.

ಜೇಬಿನಲ್ಲಿ ಫೋನು ಬೆಚ್ಚಗಿದೆ.
ಕಾಫಿ ಆಯಿತಾ ಎಂಬುದಕ್ಕೆ
ಬೋಡೋದಲ್ಲಿ ಏನನ್ನುತ್ತಾರೆ, ಕೇಳಿದೆ. ಹೇಳಿತು.
ಸರಿಯೋ ತಪ್ಪೋ,
ಸಂಜೆ ಏಳನೇ ಲೈನಿಗೆ ಹೋಗಿ
ಅಂದು ನೋಡಬೇಕು.