ಅರ್ಧ ತಿರುಗಿದ ಮುಖ

ನಮ್ಮ ಇಗರ್ಜಿ ದುಂಡಗಿದೆ, ಬುಟ್ಟಿ ಕವುಚಿಟ್ಟ ಹಾಗೆ.
ತಾನಾ ಸರೋವರದ ಕಡೆಯಿಂದ ಬಂದರೆ
ಮೊದಲು ಕಾಫಿ ಗಿಡ, ಆಮೇಲೆ ಕೋತಿಗಳ ಬೈಗುಳ,
ಆಮೇಲೆ ಹುಲ್ಲಿನ ಸೂರು.
ಒಳಗೆ ಸುತ್ತಿನೊಳಗೊಂದು ಸುತ್ತು:
ಹಾಡುವವರಿಗೊಂದು, ಪ್ರಸಾದ ಕೊಳ್ಳುವವರಿಗೊಂದು,
ನಟ್ಟನಡುವೆ, ಪರದೆಯ ಹಿಂದೆ,
ಪಾದ್ರಿಗಳಷ್ಟೇ ಬಲ್ಲ ಕತ್ತಲು.

ನಾನು ತ್ರುಂಗೊ. ನಲವತ್ತು ವರ್ಷ
ಅಂಗಳದ ಅತ್ತಿಮರದ ಕೆಳಗೇ ನಿಂತವಳು.
ಯಾರೂ ತಡೆದಿರಲಿಲ್ಲ.
ಹೊಲದ ಬದುವಿಗಾಗಿ ಅಕ್ಕನೊಡನೆ ಜಗಳವಾಡಿ
ಅವಳು ಸತ್ತಾಗಲೂ ಹೋಗದಿದ್ದ ಕಾಲು
ಹೊಸಿಲು ದಾಟಲು ಒಲ್ಲೆನ್ನುತ್ತಿತ್ತು, ಅಷ್ಟೆ.

ಒಳಗಿನ ಹಾಡು ಗೀಜ್ ಭಾಷೆಯದು.
ಸತ್ತವರಿಗೂ ದೇವರಿಗೂ ಮಾತ್ರ ತಿಳಿಯುವಂಥದು
ಎಂದು ನನ್ನ ಗಂಡ ನಗುತ್ತಿದ್ದ.
ಮೊದಲ ಹತ್ತು ವರ್ಷ ನನಗದು ಬರೀ ಡೋಲಿನ ಸದ್ದು.
ಒಂದು ಮಳೆಗಾಲ,
ಹೆಸರಿಡದ ಕೂಸನ್ನು ಮಣ್ಣಿಗೆ ಕೊಟ್ಟು ಬಂದ ದಿನ,
'ಮೆಹರೆನೆ' ಎಂಬುದೊಂದು ಮಾತು
ಜೊಂಡಿನಿಂದ ಹಕ್ಕಿ ಎದ್ದ ಹಾಗೆ ಎದ್ದಿತು: ಕರುಣಿಸು.
ಉಳಿದದ್ದು ಮತ್ತೆ ಡೋಲು.

ಆ ಮಾತಿನ ಬಾಲಕ್ಕೆ 'ನಮ್ಮನ್ನು' ಎಂಬುದು
ಅಂಟಿಕೊಂಡಿದೆಯೆಂದು ತಿಳಿಯಲು ಮತ್ತೆ ಆರು ವರ್ಷ.
ನನ್ನನ್ನಲ್ಲ. ನಮ್ಮನ್ನು.
ಒಬ್ಬಳೇ ಬೇಡುತ್ತಿದ್ದೇನೆಂದುಕೊಂಡಿದ್ದೆ;
ನೋಡಿದರೆ ಪಕ್ಕದಲ್ಲಿ ಅಕ್ಕ,
ಬದುವಿನ ಮಣ್ಣು ಮೆತ್ತಿದ ಕೈ ಚಾಚಿ.
ಆ ವಾರ ಮರ ಬಿಟ್ಟು ಮೆಟ್ಟಿಲಿಗೆ ಬಂದೆ.

ಕಿವಿ ಬಿಚ್ಚಿಕೊಳ್ಳುತ್ತ ಬಂದಂತೆ ಕಣ್ಣು ಮುಚ್ಚಿಕೊಂಡಿತು.
ಸರೋವರ ಮೊದಲು ಹಾಲಾಯಿತು, ಆಮೇಲೆ ಬೂದಿ.
ಸೊಸೆ ಅಸ್ನಾಕೆಚ್ ದೋಣಿಯಲ್ಲಿ ಬಹಿರ್ ದಾರ್‌ಗೆ ಕರೆದೊಯ್ದಳು.
ಒಂದು ಕಣ್ಣು ಈಗ, ಇನ್ನೊಂದು ಕಾಫಿ ಕೊಯ್ಲಾದ ಮೇಲೆ, ಎಂದರು.
ಪಟ್ಟಿ ಬಿಚ್ಚಿದ ಹುಡುಗಿ ಕೇಳಿದಳು:
ಅಜ್ಜಿ, ಏನು ಕಾಣ್ತಿದೆ?
ಬಿಳಿ ಕೋಟು ಹಾಕಿದ ಒಂದು ಮರ, ಎಂದೆ.
ನಡೀತಾ ಇದೆ.
ಅವಳು ನಕ್ಕಳು. ನಾನು ನಗಲಿಲ್ಲ.

ಬೆತ್ಸಾಯಿದದ ಕುರುಡನೂ ಹಾಗೇ ಅಂದನಂತೆ,
ಪಾದ್ರಿ ಮೆರ್ಶಾ ಹೇಳಿದರು, ಮೂರನೆಯ ಬಟ್ಟಲು ಕಾಫಿ ಹೀರುತ್ತ.
ಕರ್ತನೇ ಉಗುಳು ಹಚ್ಚಿ ಮುಟ್ಟಿದರೂ
ಮೊದಲ ಸಲ ಮನುಷ್ಯರು ಮರಗಳಾಗಿಯೇ ಕಂಡರಂತೆ.
'ಎಲ್ಲ ಚೆನ್ನಾಗಿ ಕಾಣ್ತಿದೆ ಸ್ವಾಮಿ' ಎಂದುಬಿಡಬಹುದಿತ್ತು,
ಶಿಷ್ಯರೆಲ್ಲ ಸುತ್ತ ನಿಂತಿರುವಾಗ.
ಅನ್ನಲಿಲ್ಲ.
ಅವನ ಆ ಸಣ್ಣ ನಿಜಕ್ಕೆ
ಕೈ ಎರಡನೆಯ ಸಲ ಬಂತು.

ನಿನ್ನೆ ಹೊಸಿಲು ದಾಟಿದೆ.
ಗೋಡೆಯ ತುಂಬ ಜನ.
ನಮ್ಮ ಕಡೆಯ ಚಿತ್ರಗಾರರದೊಂದು ಕಟ್ಟಳೆ:
ಸಂತರಿಗೆ ಎದುರುಮುಖ, ಎರಡೂ ಕಣ್ಣು;
ಕೆಟ್ಟವರಿಗೆ ಪಕ್ಕಮುಖ, ಒಂದೇ.
ಚಾಟಿ ಹಿಡಿದ ಸಿಪಾಯಿಯನ್ನು
ಚಿಕ್ಕಂದಿನಲ್ಲಿ ಅಮ್ಮನ ಬೆನ್ನ ಮೇಲಿಂದ ಕಂಡು
ಉಚ್ಚೆ ಹೊಯ್ದಿದ್ದೆನಂತೆ.
ಈಗ ಅವನ ಕೆಳಗೆ ನಿಂತೆ,
ಒಕ್ಕಣ್ಣನೆದುರು ಒಕ್ಕಣ್ಣಿ.
ಬಹಳ ಹೊತ್ತು ನೋಡಿಕೊಂಡೆವು.

ಇವನಿಗೆ ಇನ್ನೊಂದು ಕಣ್ಣಿಲ್ಲವೆಂದು ಯಾರು ಹೇಳಿದರು?
ಇದೆ, ಆ ಕಡೆ, ಸುಣ್ಣದೊಳಗೆ.
ಪೂರ್ತಿ ತಿರುಗಿಲ್ಲ ಇನ್ನೂ, ಅಷ್ಟೆ.

ಪರದೆ ಎಳೆದೇ ಇತ್ತು. ಹಿಂದೆ ಗಂಟೆಯ ಸದ್ದು.
ತುದಿಗಾಲಲ್ಲಿ ನಿಂತು, ಸಿಪಾಯಿಯ ಕಿವಿಗೆ
ನನಗೆ ಗೊತ್ತಿರುವ ಆ ಒಂದು ಮಾತನ್ನು
ಬಾಲದ ಸಮೇತ ಹೇಳಿದೆ.