ಗಿರಗಾಂವ್, ಇಪ್ಪತ್ತೆರಡು ಮೀಟರ್ ಕೆಳಗೆ

ಮೊದಲು ಸಲಾಕೆಯಿಂದ ತಟ್ಟಬೇಕು.
ಠಣ್ ಅಂದರೆ ಕಲ್ಲು. ದೊಬ್ ಅಂದರೆ
ಕಲ್ಲಿನ ವೇಷ ಹಾಕಿದ ಟೊಳ್ಳು.
ಹಟ್ಟಿಯ ಗಣಿಯಲ್ಲಿ ಮೂವತ್ತೊಂದು ವರ್ಷ
ಇದನ್ನೇ ಕೇಳುತ್ತ ಒಂದು ಕಿವಿ ಕಳಕೊಂಡ ಖಾಜಾಸಾಬ
ಇನ್ನೊಂದನ್ನು ನನಗೆ ಬಿಟ್ಟುಹೋದ:
‘ಕಲ್ಲಂಗಡಿ ಬಡದು ನೋಡತಾರ, ಗಡಗಿ ಬಡದು ನೋಡತಾರ,
ನೆತ್ತಿ ಮ್ಯಾಲಿಂದು ಮಾತ್ರ
ಬಿದ್ದಮ್ಯಾಲ ನೋಡತಾರಲೇ, ಹುಲಿಗೆಪ್ಪಾ.’

ಮುಂಬಯಿಯದು ಕರಿಕಲ್ಲು, ಖರೆ. ಆದರೆ ನಡುನಡುವೆ
ಬೂದಿ ಕಟ್ಟಿದ ಪದರ,
ಒದ್ದೆಯಾದರೆ ನೆನೆದ ಸಜ್ಜೆರೊಟ್ಟಿಯಂತೆ ಉದುರುವಂಥದು.
ಎಂದೋ ಉರಿದು ಆರಿದ್ದು,
ಇನ್ನೂ ಕಲ್ಲಾಗುವ ಮನಸ್ಸು ಮಾಡಿಲ್ಲ.

ಅದಕ್ಕೇ ತೂತು. ಮೂರು ಮೀಟರ್, ಮೇಲ್ಮುಖ.
ಕೆಸರುನೀರು ತೋಳಿನೊಳಗೆ ಇಳಿದು
ಕಂಕುಳಲ್ಲಿ ಬೆಚ್ಚಗಾಗುತ್ತದೆ.
ಅಂಟಿನ ಪೊಟ್ಟಣ ಐದು ತುರುಕಿ, ಸರಳು ಏರಿಸಿ,
ಹದಿನೈದು ಎಣಿಸುವ ತನಕ ತಿರುಗಿಸು.
ಆಮೇಲೆ ಸುಮ್ಮನೆ ಹಿಡಿದು ನಿಲ್ಲು.
ಈ ನಿಲ್ಲುವುದು ಇದೆಯಲ್ಲ, ಮೂವತ್ತು ಎಣಿಕೆ,
ಕೆಲಸವೆಲ್ಲ ಇದೇ.
ಅವಸರದವನು ಇಪ್ಪತ್ತಕ್ಕೇ ಕೈಬಿಡುತ್ತಾನೆ.
ಸರಳು ನಿಂತ ಹಾಗೆಯೇ ಕಾಣುತ್ತದೆ.

ಫಲಕ, ನಟ್ಟು, ಬಿಗಿ.
ಸಡಿಲ ಪದರವನ್ನು ಅದರ ಮೇಲಿನ ಗಟ್ಟಿಗೆ ಹೊಲಿದಾಯಿತು.
ಹೊರಗೆ ಉಳಿಯುವುದು ಗೇಣೂ ಇಲ್ಲದ ಬಾಲ.

ಬೆಳಿಗ್ಗೆ ಏಳಕ್ಕೆ ಲಿಫ್ಟು ನನ್ನನ್ನು ಉಗುಳಿದರೆ
ಎದುರಿಗೇ ಚಾಳು, ನೆಲಮಹಡಿಯಲ್ಲಿ
ಲೋಲಾಕ್ಷಿಯಕ್ಕನ ಖಾನಾವಳಿ, ಬಿಸಿಗಂಜಿ.
ಅವಳ ಕಡಲ ಕನ್ನಡಕ್ಕೂ ನನ್ನ ಬಿಸಿಲ ಕನ್ನಡಕ್ಕೂ ನಡುವೆ
ಒಮ್ಮೊಮ್ಮೆ ಒಂದು ಚೂರು ಮರಾಠಿ ಬೇಕಾಗುತ್ತದೆ.
ಗೋಡೆಯ ಬಿರುಕಿಗೆ ಅಡ್ಡಲಾಗಿ
ಕಂಪನಿಯವರು ಅಂಟಿಸಿದ ಗಾಜಿನ ಪಟ್ಟಿ.
ಬಿರುಕು ಬೆಳೆದರೆ ಒಡೆಯಲಿ ಅಂತ.
ಅದಕ್ಕೆ ಅವಳು ದಿನಾ ಕುಂಕುಮ ಹಚ್ಚುತ್ತಾಳೆ.
‘ರಾತ್ರಿ ಎರಡಕ್ಕೆ, ಮಾರಾಯ, ಅಡಿಯಿಂದ ಯಾರೋ
ಬಾಗಿಲು ಬಡಿದ ಹಾಗೆ. ಲೋಟಗಳೆಲ್ಲ
ಮಾತಾಡ್ಲಿಕ್ಕೆ ಶುರು ಮಾಡ್ತವೆ.
ಬನ್ನಿ ಅನ್ಲಿಕ್ಕೂ ಆಗುವುದಿಲ್ಲ, ಹೋಗಿ ಅನ್ಲಿಕ್ಕೂ ಆಗುವುದಿಲ್ಲ.’

ನಾನು ಬಡಗಿ ಅಂತ ಹೇಳಿಬಿಟ್ಟಿದ್ದೇನೆ.
ತೂತು ಕೊರೆಯುವವನು; ಪೂರಾ ಸುಳ್ಳೇನಲ್ಲ.

ನಿನ್ನೆ ನಕ್ಷೆ ನೋಡಿ ಲೆಕ್ಕ ಹಾಕಿದೆ:
ನಾಲ್ಕುನೂರ ಹದಿನೇಳನೆಯ ಬೋಲ್ಟಿನ ನೆತ್ತಿಗೆ
ಅವಳ ಒಲೆ.
ಸಲಾಕೆ ಎತ್ತಿ ತಟ್ಟಿದೆ.
ದೊಬ್.
ಸೂಪರ್‌ವೈಸರ್ ಖರಾತ ‘ಝಾಲಾ ಕಾ?’ ಅಂದ.
ನಕ್ಷೆಯಲ್ಲಿ ಅಲ್ಲಿ ಇನ್ನೊಂದು ಬೋಲ್ಟಿಲ್ಲ, ಬಿಲ್ಲಿನಲ್ಲೂ ಇಲ್ಲ.
ಹಾಕಿದೆ. ಮೂವತ್ತರ ಬದಲು
ಅರವತ್ತು ಎಣಿಸುತ್ತ ಕೈಯೆತ್ತಿ ನಿಂತೆ.
ಕೈಯ ಮೇಲೆ ಒಂದು ಓಣಿ, ಅದರ ನಿದ್ದೆ,
ತೊಳೆದು ಬೋರಲು ಹಾಕಿದ ಲೋಟಗಳು.
ಮತ್ತೆ ತಟ್ಟಿದೆ. ಪೂರ್ತಿ ಠಣ್ ಅಲ್ಲ,
ದೊಬ್ ಕೂಡ ಅಲ್ಲ.
ಖಾಜಾಸಾಬ ಇದ್ದಿದ್ದರೆ ಏನನ್ನುತ್ತಿದ್ದನೋ.

ಇವತ್ತು ಗಂಜಿ ಬಡಿಸುತ್ತ ಅಕ್ಕ ಗಾಜು ನೋಡಿದಳು.
ನಾನೂ ನೋಡಿದೆ.
‘ನಿನ್ನೆ ಬಡಿದದ್ದು ಸ್ವಲ್ಪ ಜಾಸ್ತಿ,’ ಅಂದಳು.
‘ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ.
ಯಾರೋ ಹೊರಗೆ ನಿಂತು ಕಾದ ಹಾಗೆ.’

ಇನ್ನೊಂಚೂರು ಉಪ್ಪಿನಕಾಯಿ ಕೇಳಿದೆ.